ಅಳೆಯುವವನ ಹೊಣೆ

ಅಳತೆ ನಿರಪಾಯವಾದ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗಿಡದ ಪಕ್ಕದಲ್ಲಿ ಅಳತೆಗೋಲನ್ನು ಹಿಡಿದರೆ ಗಿಡಕ್ಕೇನೂ ಆಗದು. ಆದರೆ ಚಮಚೆಯಷ್ಟು ಬಿಸಿನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿದರೆ ಮಾಪಕವೇ ನೀರನ್ನು ತುಸು ತಣಿಸುತ್ತದೆ. ಗಣಕಯಂತ್ರಗಳ ಲೋಕದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಪ್ರಸಂಗವೊಂದು ನಡೆದಿದೆ. ಅಲ್ಲಿ ಅಳೆಯುವ ಸಾಧನವು ಅಳತೆಯನ್ನು ಬೇಡದಿದ್ದ ಇನ್ನೊಂದು ಯಂತ್ರವನ್ನೇ ಕೆಡವಿತು.

ಒಂದೇ ಗಣಕದೊಳಗೆ ಹಲವು ಗಣಕಗಳಿರುವಂತೆ ಮಾಡುವ ಉಪಾಯ ಹೊಸದಲ್ಲ. ಐಬಿಎಂ ಸಂಸ್ಥೆಯು ೧೯೬೦ರ ದಶಕದಲ್ಲಿಯೇ ಅದನ್ನು ಸಾಧಿಸಿತ್ತು. ಹೀಗೆ ಉಂಟಾದ ಗಣಕಕ್ಕೆ ವರ್ಚುವಲ್ ಮಷಿನ್ ಎಂದು ಹೆಸರು. ಆಶ್ರಯ ಕೊಡುವ ನಿಜವಾದ ಗಣಕವು ಆತಿಥೇಯ, ಒಳಗಿನವು ಅತಿಥಿಗಳು. ಲಿನಕ್ಸ್‌ನಲ್ಲಿ ಈ ಆತಿಥ್ಯವನ್ನು ನಡೆಸುವ ಕೆವಿಎಂ ಎಂಬ ಭಾಗವು ೨೦೦೭ರಲ್ಲಿ ಸೇರಿತು.

ಇನ್ನು ಅಳತೆಯ ಮಾತು. ೧೯೯೩ರ ಪೆಂಟಿಯಂ ಮೊದಲ್ಗೊಂಡು ಇಂಟೆಲ್ ಪ್ರೊಸೆಸರುಗಳಲ್ಲಿ, ಯಂತ್ರದೊಳಗಿನ ಘಟನೆಗಳನ್ನು ಎಣಿಸುವ ಕೌಂಟರುಗಳಿವೆ. ಕಾರ್ಯಕ್ರಮವು ಎಲ್ಲಿ ನಿಧಾನವಾಗುತ್ತದೆಂಬುದನ್ನು ಇವುಗಳಿಂದ ತಿಳಿಯಬಹುದು. ತರುವಾಯ ಬಂದ ಪೆಬ್ಸ್ ಎಂಬ ಸೌಲಭ್ಯದಲ್ಲಿ, ಎಣಿಕೆಯು ಗೊತ್ತುಪಡಿಸಿದ ಸಂಖ್ಯೆಯನ್ನು ದಾಟಿದಾಗ ಪ್ರೊಸೆಸರು ತನ್ನ ಆ ಹೊತ್ತಿನ ಸ್ಥಿತಿಯನ್ನು ತಾನೇ ಮೆಮರಿಯ ನಿಶ್ಚಿತ ವಿಳಾಸವೊಂದರಲ್ಲಿ ಬರೆದಿಡುತ್ತದೆ. ತೊಡಕು ಇರುವುದು ಈ ವಿಳಾಸದಲ್ಲಿಯೇ.

'ಹನುಮಪ್ಪನ ಗುಡಿಯ ಎಡಕ್ಕೆ ಮೂರನೆಯ ಮನೆ' ಎಂದು ಬರೆದ ಚೀಟಿಯೊಂದನ್ನು ಚಿಕ್ಕನರಗುಂದದಲ್ಲಿ ಹಂಚಲು ಕೊಟ್ಟರೆಂದು ಊಹಿಸಿರಿ. ಅದೇ ಚೀಟಿಯನ್ನು ಹಿಡಿದು ನರಗುಂದಕ್ಕೆ ಹೋದರೆ ಬೇರೆಯವರ ಮನೆ ಸಿಕ್ಕೀತು, ಅಥವಾ ಅಲ್ಲಿ ಮನೆಯೇ ಇಲ್ಲದಿದ್ದೀತು. ಮೆಮರಿಯ ವಿಳಾಸಗಳೂ ಹಾಗೆಯೇ. ಆತಿಥೇಯನಲ್ಲಿ ಸರಿಯಾದ ವಿಳಾಸವು ಅತಿಥಿಯೊಳಗೆ ಬೇರೊಂದು ಸ್ಥಳವನ್ನು ಸೂಚಿಸಬಹುದು, ಏನನ್ನೂ ಸೂಚಿಸದೆಯೂ ಇರಬಹುದು.

ಅತಿಥಿಯನ್ನು ಪ್ರವೇಶಿಸುವ ಕ್ಷಣದಲ್ಲಿ ಪೆಬ್ಸನ್ನು ನಿಲ್ಲಿಸುವ ಏರ್ಪಾಡು ಕೆವಿಎಂನಲ್ಲಿ ಇದ್ದೇ ಇತ್ತು. ಆದರೂ ಸ್ಯಾಂಡಿಬ್ರಿಡ್ಜ್, ಹ್ಯಾಸ್‌ವೆಲ್, ಬ್ರಾಡ್‌ವೆಲ್ ಪೀಳಿಗೆಯ ಪ್ರೊಸೆಸರುಗಳಲ್ಲಿ, ಆತಿಥೇಯನು ಅಳತೆಗೆ ತೊಡಗಿದರೆ ಅತಿಥಿಗಳು ಕುಸಿಯುತ್ತಿದ್ದವು. ೨೦೧೬ರಲ್ಲಿ ಇದನ್ನು ಸರಿಪಡಿಸಿದವರು ಕೊಟ್ಟ ಮುಖ್ಯ ವಿವರಣೆ ಇದು: ನಿಲ್ಲೆಂದ ಮೇಲೂ, ಅದಕ್ಕೆ ಮೊದಲೇ ಹೊರಟ ದಾಖಲೆಯು ಬರೆದು ಮುಗಿಯಲು ತುಸು ಕಾಲ ಬೇಕು. ಅಷ್ಟರಲ್ಲಿ ಅತಿಥಿಯ ಪ್ರವೇಶವಾಗಿರುತ್ತಿತ್ತು. ಈ ವಿರಾಮ ಅಗತ್ಯವೆಂಬುದು ಇಂಟೆಲ್‌ನ ಕೈಪಿಡಿಯಲ್ಲಿಯೇ ಅಚ್ಚಾಗಿತ್ತು. ಪರಿಹಾರ ಸರಳವಾಗಿತ್ತು: ಪ್ರವೇಶಕ್ಕೆ ಮೊದಲೇ ಪೆಬ್ಸನ್ನು ನಿಲ್ಲಿಸುವುದು.

ಹೀಗೆ ಮಾಡಿದರೆ ಪ್ರವೇಶದ ಮುಂಚಿನ ಕೆಲವು ಆದೇಶಗಳ ಅಳತೆ ತಪ್ಪುತ್ತದೆಯಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಆ ನಷ್ಟವನ್ನು ಅಳೆಯುವವನೇ ಹೊರಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅತಿಥಿಯ ಒಡೆಯನು ಅಳತೆಯನ್ನು ಕೇಳಿದವನಲ್ಲ, ಅದು ನಡೆಯುತ್ತಿರುವುದನ್ನು ಅರಿತವನೂ ಅಲ್ಲ. ತನ್ನದಲ್ಲದ ದೋಷವನ್ನು ಅವನು ತನ್ನ ಕಾರ್ಯಕ್ರಮದಲ್ಲಿ ದಿನಗಟ್ಟಲೆ ಹುಡುಕಬೇಕಾದೀತು. ಇದರಲ್ಲಿ ಗುಟ್ಟಿನ ಪ್ರಶ್ನೆಯೂ ಇದೆ. ತಪ್ಪಿದ ವಿಳಾಸವು ಅತಿಥಿಗೆ ಕಾಣುತ್ತಿದ್ದುದರಿಂದ, ದುರುದ್ದೇಶವುಳ್ಳ ಅತಿಥಿಯು ಆ ಜಾಗದಲ್ಲಿ ಮೆಮರಿಯನ್ನು ಒಡ್ಡಿ ಆತಿಥೇಯನ ದಾಖಲೆಯನ್ನು ಪಡೆಯಲು ಅವಕಾಶವಿತ್ತು. ಸೋರಿಕೆ ಅಲ್ಪವಾಗಿದ್ದರೂ ಸೋರಿಕೆಯೇ. ಒಂದೇ ಗಣಕವನ್ನು ಅಪರಿಚಿತರು ಹಂಚಿಕೊಳ್ಳುವ ಈ ಕಾಲದಲ್ಲಿ ಅತಿಥಿಯ ಕ್ಷೇಮವು ಅಳತೆಯ ಪೂರ್ಣತೆಗಿಂತ ಮೊದಲು ಬರಬೇಕು.

ನಮ್ಮ ಕಾಲೇಜುಗಳಲ್ಲಿ ಕಾರ್ಯಕ್ರಮ ಬರೆಯುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ ಯಂತ್ರದ ಕೈಪಿಡಿಯನ್ನು ಓದುವುದನ್ನೂ ಕಲಿಸಬೇಕು. ವಿದ್ಯಾರ್ಥಿಗಳು ಯಂತ್ರದ ದೋಷವನ್ನು ಹುಡುಕುವಾಗ, ಅದನ್ನು ಅಳೆಯುತ್ತಿರುವ ಸಾಧನವನ್ನೂ ಶಂಕಿತರ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ.