ಬಿಟ್ಟ ಮೀನಿನ ಲೆಕ್ಕ

ಗಾಳಕ್ಕೆ ಸಿಕ್ಕ ಮೀನನ್ನು ಮತ್ತೆ ನೀರಿಗೆ ಹಾಕಿದರೆ ಕನ್ನಡದಲ್ಲಿ 'ಮೀನು ಬಿಟ್ಟರು' ಎನ್ನುತ್ತೇವೆ. ತುಂಬಿದ ಕೆರೆಗೆ ಎಲ್ಲಿಂದಲೋ ಮರಿ ತಂದು ಹಾಕಿದರೂ 'ಮೀನು ಬಿಟ್ಟರು' ಎಂದೇ ಹೇಳುತ್ತೇವೆ. ಮೊದಲನೆಯದು ಇದ್ದದ್ದನ್ನು ಇದ್ದಲ್ಲಿಗೆ ಮರಳಿಸುವ ಕೆಲಸ, ಎರಡನೆಯದು ಇಲ್ಲದ್ದನ್ನು ತಂದು ಸೇರಿಸುವ ಕೆಲಸ. ಇಂಗ್ಲಿಷಿನಲ್ಲಿ ಒಂದಕ್ಕೆ ರಿಲೀಸ್, ಇನ್ನೊಂದಕ್ಕೆ ಸ್ಟಾಕಿಂಗ್ ಎಂಬ ಬೇರೆ ಬೇರೆ ಹೆಸರಿದೆ. ಆದರೆ ಗಾಳದ ಪಂದ್ಯಗಳ ಒಳಿತು ಕೆಡುಕು ಅಳೆಯಲು ಎರಡನ್ನೂ ಒಟ್ಟಿಗೆ ಹಿಡಿಯುವ ಕನ್ನಡದ ಮಾತೇ ವಾಸಿ.

ಅಮೆರಿಕದ ಬಾಸ್ ಮೀನಿನ ಪಂದ್ಯಗಳಿಗೆ ಇಂದಿನ ರೂಪ ಕೊಟ್ಟವರು ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್. 1967ರಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ಅವರು ಮೊದಲ ಪಂದ್ಯ ನಡೆಸಿದರು. 1972ರಲ್ಲಿ, ಹಿಡಿದ ಮೀನನ್ನು ಕೊಲ್ಲಬಾರದು ಎಂಬ ಪದ್ಧತಿ ತಂದರು. ಅಲ್ಲಿಂದೀಚೆಗೆ ಸ್ಪರ್ಧಿಯ ದೋಣಿಯಲ್ಲಿ ಗಾಳಿಯಾಡುವ ನೀರಿನ ತೊಟ್ಟಿ ಇರುತ್ತದೆ. ಸಾಮಾನ್ಯವಾಗಿ ಐದು ಮೀನುಗಳ ತೂಕ ಲೆಕ್ಕಕ್ಕೆ ಬರುತ್ತದೆ. ಸತ್ತ ಮೀನು ತಂದರೆ ತೂಕ ಕಡಿತ. ತೂಗಿದ ಮೇಲೆ ಮೀನು ವಾಪಸ್ ನೀರಿಗೆ. ಬೇಸಿಗೆಯ ಬಿಸಿ ನೀರಿನಲ್ಲಿ ಹೀಗೆ ಬಿಟ್ಟ ಮೀನುಗಳಲ್ಲಿ ಕೆಲವು ಆಮೇಲೆ ಸಾಯುವುದೂ ಉಂಟು. ಆದರೂ ಇದು ದೊಡ್ಡ ಸುಧಾರಣೆಯೇ. ಗೆದ್ದವರು ಸತ್ತ ಮೀನಿನ ಗೊಂಚಲು ಹಿಡಿದು ಫೋಟೊಗೆ ನಿಲ್ಲುವ ಕಾಲ ಹೋಯಿತು.

ಬಾಸ್ ಉತ್ತರ ಅಮೆರಿಕದ್ದೇ ಮೀನು. ಅಲ್ಲಿ ಅದನ್ನು ಬಿಡುವುದು ಮರಳಿಸುವ ಕೆಲಸ. ಜಪಾನಿನಲ್ಲಿ ಹಾಗಲ್ಲ. 1925ರಲ್ಲಿ ಉದ್ಯಮಿಯೊಬ್ಬರು ಅಮೆರಿಕದಿಂದ ತಂದು ಅಶಿ ಸರೋವರಕ್ಕೆ ಬಿಟ್ಟ ಬಾಸ್ ಮುಂದೆ ದೇಶದ ನೀರಿನಲ್ಲೆಲ್ಲ ಹರಡಿತು. 1970ರ ದಶಕದಲ್ಲಿ ಬಿವಾ ಸರೋವರದಲ್ಲೂ ಕಾಣಿಸಿಕೊಂಡು ಅಲ್ಲಿನ ಸಣ್ಣ ಮೀನುಗಳನ್ನು ತಿನ್ನತೊಡಗಿತು. ಬಿವಾ ಇರುವ ಶಿಗಾ ಪ್ರಾಂತ್ಯ 2003ರಲ್ಲಿ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವಂತಿಲ್ಲ ಎಂದು ನಿಯಮ ಮಾಡಿತು. ದಡದಲ್ಲಿ ಅದನ್ನು ಹಾಕಲೆಂದೇ ಪೆಟ್ಟಿಗೆಗಳನ್ನಿಟ್ಟಿದ್ದಾರೆ. 1932ರಲ್ಲಿ ಜಾರ್ಜಿಯಾದಲ್ಲಿ ಆಗಿದ್ದ ವಿಶ್ವದಾಖಲೆಗೆ 2009ರಲ್ಲಿ ಸರಿಸಮನಾಗಿ ನಿಂತ ಹತ್ತು ಕಿಲೊ ಮೀರಿದ ಬಾಸ್ ಸಿಕ್ಕಿದ್ದು ಇದೇ ಬಿವಾದಲ್ಲಿ. ಗಾಳ ಹಾಕುವವರಿಗೆ ಅದು ಹೆಮ್ಮೆ, ಅಲ್ಲಿನ ಮೀನುಗಾರರಿಗೆ ಹೊಟ್ಟೆಯ ಮೇಲೆ ಬಿದ್ದ ಹೊಡೆತದ ಗುರುತು. ಅಮೆರಿಕದಲ್ಲಿ ಸಜ್ಜನಿಕೆ ಎನಿಸುವ ಕೆಲಸ ಬಿವಾದಲ್ಲಿ ನಿಯಮಭಂಗ.

ಈ ಕಥೆಯ ಕನ್ನಡದ ಅಧ್ಯಾಯ ಕಾವೇರಿಯಲ್ಲಿದೆ. ಮೇಕೆದಾಟಿನ ಮೇಲೆ, ಭೀಮೇಶ್ವರಿ, ಗಾಳಿಬೋರೆಯ ಮಡುಗಳಲ್ಲಿ ಮಹಶೀರ್ ಹಿಡಿಯಲು ದೇಶವಿದೇಶಗಳ ಹವ್ಯಾಸಿಗಳು ಬರುತ್ತಿದ್ದರು. ಹಿಡಿದದ್ದನ್ನು ಬಿಡಲೇಬೇಕೆಂಬ ನಿಯಮವಿತ್ತು. ಸಿಡಿಮದ್ದು ಹಾಕಿ ಮೀನು ಹೊಡೆಯುವವರ ಮೇಲೆ ಕಾವಲೂ ಇತ್ತು. ಅಲ್ಲಿಯ ಹೆಸರಾಂತ ಮೀನು, ಈ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್. ಇದರ ಜೊತೆಗೆ ಅದೇ ನದಿಗೆ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನೂ ಬಿಡಲಾಯಿತು. ಅವು ಪುಣೆ ಕಡೆಯ ನದಿಗಳ ತಳಿ. ಲೋನಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದವು. ಉದ್ದೇಶ ಸಂರಕ್ಷಣೆಯೇ. ಆದರೆ ನೀಲಿ ರೆಕ್ಕೆಯದು ಹೆಚ್ಚಿತು, ಗೂನುಬೆನ್ನಿನದು ಕಾಣೆಯಾಗುತ್ತ ಬಂತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಗಟ್ಟಿಯಾಯಿತು. ಅದೇ ವರ್ಷ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯ ಅತ್ಯಂತ ಗಂಭೀರ ವರ್ಗಕ್ಕೂ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದುಗಳ ಪಾಲೂ ಇದರಲ್ಲಿದೆ. ಆದರೆ ಬಿಟ್ಟ ಮರಿಗಳ ಪಾಲನ್ನು ಬದಿಗಿಡುವಂತಿಲ್ಲ.

ಈ ಬದಲಾವಣೆ ಗೊತ್ತಾದದ್ದು ಹೇಗೆ? ಬಹುಪಾಲು ಗಾಳದವರ ಪುಸ್ತಕದಿಂದ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು, ತೂಗಿ, ಬಿಟ್ಟ ಮೀನುಗಳ ಬರಹವನ್ನೇ ಸಂಶೋಧಕರು ವಿಶ್ಲೇಷಿಸಿದರು. ಆ ಹೊತ್ತಿಗೆ ವನ್ಯಧಾಮದಲ್ಲಿ ಗಾಳ ನಿಂತಿತು, ಅದರೊಂದಿಗೆ ಬರೆಯುವುದೂ ನಿಂತಿತು.

ಗಾಳದ ಆಟವನ್ನು ಬರೀ ಹಿಂಸೆ ಎಂದು ತಳ್ಳಿಹಾಕುವವರಿಗೆ ಇದು ಉತ್ತರ. ಬಾಯಿಗೆ ಕೊಕ್ಕೆ ಚುಚ್ಚುವುದು ಮೀನಿಗೆ ಹಿತವಲ್ಲ, ನಿಜ. ಆದರೆ ನದಿಯೊಳಗೆ ಏನಾಗುತ್ತಿದೆ ಎಂದು ವರ್ಷಗಟ್ಟಲೆ ನೋಡಿ ಬರೆದಿಟ್ಟವರು ಅವರೇ. ಇತ್ತ ಗಾಳದವರಿಗೂ ಒಂದು ಮಾತು ಹೇಳಬೇಕು. 'ನಾವು ಮೀನನ್ನು ಬಿಡುತ್ತೇವಲ್ಲ' ಎಂಬಲ್ಲಿಗೆ ಹೊಣೆ ಮುಗಿಯದು. ಪರನಾಡಿನ ಮೀನನ್ನು ಪ್ರೀತಿಯಿಂದ ಬಿಟ್ಟರೂ ಕೆರೆಗೆ ಆಗುವ ನಷ್ಟ ಕಡಿಮೆಯಾಗದು.

ಗಾಳದ ಸಂಘಗಳು ಇವತ್ತೇ ಶುರುಮಾಡಬಹುದಾದ ಕೆಲಸವೊಂದಿದೆ. ಪಂದ್ಯದಲ್ಲಿ ತೂಕದ ಜೊತೆಗೆ ತಳಿ, ಜಾಗ, ದಿನ ಬರೆದಿಡಲಿ. ಆ ಪಟ್ಟಿ ಎಲ್ಲರಿಗೂ ಸಿಗಲಿ. ಹೊರಗಿನ ತಳಿಯನ್ನು ಹಿಡಿದು ದಡಕ್ಕೆ ಹಾಕಿದವರಿಗೂ ಬಹುಮಾನ ಇರಲಿ. ಸರ್ಕಾರವೂ ಗಾಳಕ್ಕೆ ಬಾಗಿಲು ಮುಚ್ಚುವ ಕಡೆಯಲ್ಲೆಲ್ಲ ಎಣಿಕೆಗೆ ಬೇರೆ ದಾರಿ ಮಾಡಲಿ. ಮಳೆಗಾಲ ಬಂತೆಂದರೆ ಶಾಸಕರು ಕೆರೆಗೆ ಮೀನುಮರಿ ಬಿಡುವ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಕೆಳಗೆ ಎಷ್ಟು ಸಾವಿರ ಮರಿ ಎಂದು ಬರೆದಿರುತ್ತದೆ. ಯಾವ ಮೀನು, ಆ ಕೆರೆಯಲ್ಲಿ ಮೊದಲು ಏನಿತ್ತು ಎಂಬುದನ್ನೂ ಬರೆಯುವಂತೆ ಓದುಗರು ಕೇಳಲಿ.