ಕರಸ್ಥಲಕ್ಕೆ ಬಂದ ನೋವು



ಎಡ ಅಂಗೈ ಇಷ್ಟಲಿಂಗದ ಪೀಠ; ಬಲಗೈ ಭಸ್ಮ, ಪತ್ರೆ, ಪುಷ್ಪಗಳನ್ನು ಅರ್ಪಿಸುವ ಸಾಧನ. ಪ್ರಾತಃಕಾಲದಲ್ಲಿ ಆ ಕೈಗಳೇ ಬಿಗಿದು ಬೆರಳು ಮಡಿಚಲಾಗದಾದರೆ ವೃದ್ಧ ಭಕ್ತರಿಗೆ ಇಮ್ಮಡಿ ಸಂಕಟ. ದೇಹದ ಬಾಧೆ ಒಂದು. ಪೂಜೆಗೆ ಲೋಪ ಬಂದಿತೆಂಬ ಅಳಲು ಇನ್ನೊಂದು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಇದನ್ನು ‘ವಯಸ್ಸಿನ ಬೇನೆ’ ಎಂದು ಸುಮ್ಮನಾಗುವುದುಂಟು. ಜೀವಮಾನವೆಲ್ಲ ಕಾಯಿ ಸುಲಿದು, ಅಟ್ಟಕ್ಕೆ ಏರಿಸಿ, ಕೊಬ್ಬರಿ ಒಡೆದ ಕೈಗಳು ನೋಯದಿರುವುವೇ ಎಂಬ ಸಮಾಧಾನ ಬೇರೆ. ಈ ಸಮಾಧಾನವು ಸದಾ ಸತ್ಯವಲ್ಲ.

ಸವೆತದಿಂದ ಬರುವ ಕೀಲುನೋವು ದುಡಿದಷ್ಟೂ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುತ್ತದೆ. ಉರಿಯೂತದ ಕೀಲುವಾತ ಹಾಗಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಕೀಲಿನ ಒಳಪೊರೆಯ ಮೇಲೆರಗುತ್ತದೆ. ‘ಮಾಧವನಿದಾನ’ದಲ್ಲಿ ವರ್ಣಿತವಾದ ಆಮವಾತಕ್ಕೂ ಇದಕ್ಕೂ ಹೋಲಿಕೆಯುಂಟು. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು ಇದಕ್ಕೆ 1859ರಲ್ಲಿ ಇತ್ತವರು ಆಂಗ್ಲ ವೈದ್ಯ ಗ್ಯಾರಡ್.

ಲಕ್ಷಣಗಳನ್ನು ಮನೆಯವರೇ ಗುರುತಿಸಬಹುದು. ಎರಡೂ ಕೈಗಳ ಬೆರಳಗಂಟು, ಮಣಿಕಟ್ಟುಗಳು ಊದಿ ಬೆಚ್ಚಗಾಗುತ್ತವೆ, ಎದ್ದಮೇಲೆ 1 ಗಂಟೆ ಕಳೆದರೂ ಬಿಗಿತ ಸಡಿಲದು, ಆಯಾಸ ಕಾಡುತ್ತದೆ. ವೃದ್ಧರಲ್ಲಿ ಕೆಲವೊಮ್ಮೆ ಭುಜಗಳಲ್ಲಿ ಹಠಾತ್ತನೆ ಆರಂಭವಾಗುತ್ತದೆ. ತಡಮಾಡಿದರೆ ಮೂಳೆ ಕೊರೆದು ಬೆರಳು ಸೊಟ್ಟಗಾಗುವುದು. ಆ ಹಾನಿ ಮರಳಿ ಸರಿಹೋಗದು.

ಕೊಬ್ಬರಿ ಎಣ್ಣೆ ತಿಕ್ಕುವುದು ಹಿತಕರ. ಆದರೆ ಒಳಗಿನ ಉರಿಯೂತ ಅದರಿಂದ ಆರದು. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಹಿರಿಯರ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅದು ಸಕ್ಕರೆ ಕಾಯಿಲೆಯನ್ನು ಕೆರಳಿಸಿ ಮೂಳೆಯನ್ನು ಟೊಳ್ಳಾಗಿಸುತ್ತದೆ. ಆದುದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರ ಸಲಹೆಯಂತೆ ಕೀಲುವಾತ ತಜ್ಞರನ್ನು ಕಾಣಬೇಕು. ಅವರು ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಅದು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ನಿತ್ಯ ನುಂಗಿದರೆ ಪ್ರಾಣಕ್ಕೇ ಅಪಾಯ. ಕಣ್ಣು ಮಂದವಾದ ಹಿರಿಯರಿಗೆ ಮನೆಯ ಕಿರಿಯರೊಬ್ಬರು ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ತಾವೇ ಕೊಡಲಿ. ಹೇಳಿದ ಕಾಲಕ್ಕೆ ರಕ್ತಪರೀಕ್ಷೆಯೂ ತಪ್ಪದಿರಲಿ.

ಇನ್ನು ಪೂಜೆಯ ಮಾತು. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತು, ಮೊಣಕೈಗೆ ದಿಂಬಿನ ಆಸರೆಯಿತ್ತು ಅರ್ಚಿಸಬಹುದು. ಕೈಬಿಗಿತ ಸಡಿಲಿದ ಬಳಿಕ ತಡವಾಗಿ ಕುಳಿತರೂ ಲೋಪವಿಲ್ಲವೆಂದೇ ನಮ್ಮ ತಿಳಿವು. ಅಜ್ಜಿ ವಿಭೂತಿ ಧರಿಸುವಾಗ ಬೆರಳು ನಡುಗಿದರೆ, ಗಿಂಡಿ ಎತ್ತಲು ಅಜ್ಜ ತಡವರಿಸಿದರೆ, ಸೊಸೆಯೂ ಮೊಮ್ಮಕ್ಕಳೂ ಅದನ್ನು ಕಂಡೂ ಕಾಣದಂತಿರಬಾರದು. ನಾಳೆಯ ಬೆಳಗಿನಲ್ಲೇ ಹಿರಿಯರ ಕೈಗಳನ್ನು ಹಿಡಿದು ನೋಡಿರೆಂದು ನಾವು ಬಿನ್ನವಿಸುತ್ತೇವೆ. ಆ ಕೈಗಳನ್ನು ಕಾಯುವುದೂ ಜಂಗಮಸೇವೆಯಷ್ಟೇ ಪವಿತ್ರವಾದುದು.