ಕವಳೆ ಬೆಳೆಯುವ ನೆಲ ಪಾಳಲ್ಲ

ನಮ್ಮ ಆಡಳಿತದ ಪರಿಭಾಷೆಯಲ್ಲಿ ‘ಪಾಳು’ ಎಂಬ ಪದ ಮಾಡಿರುವ ಹಾನಿ ಸಣ್ಣದಲ್ಲ. ಕಂದಾಯ ತಾರದ ನೆಲವೆಲ್ಲ ಪಾಳು ಎಂಬ ಬ್ರಿಟಿಷರ ಕಾಲದ ತಿಳಿವಳಿಕೆ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2000ದಲ್ಲಿ ಪ್ರಕಟಿಸಿದ ಪಾಳುಭೂಮಿ ನಕಾಶೆಯು ಕುರುಚಲು ಗಿಡಗಳಿರುವ ಪ್ರದೇಶವನ್ನೂ ಪಾಳಿನ ಒಂದು ವರ್ಗವೆಂದೇ ಗುರುತಿಸಿತು.

ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಗುಡ್ಡದ ಇಳಿಜಾರು ಮತ್ತು ಗೋಮಾಳಗಳ ಕವಳೆ ಪೊದೆ ಈ ಲೆಕ್ಕಾಚಾರದ ಬಲಿಪಶುಗಳಲ್ಲೊಂದು. ಕವಲೊಡೆದ ಮುಳ್ಳು, ಮುರಿದರೆ ಒಸರುವ ಹಾಲು, ಮಲ್ಲಿಗೆಯನ್ನು ನೆನಪಿಸುವ ಬಿಳಿಯ ಹೂ, ಬೇಸಿಗೆಯ ಕೊನೆಗೆ ಕಪ್ಪಾಗಿ ಮಾಗುವ ಹಣ್ಣು ಇದರ ಗುರುತು. ಕಾಯಿ ಉಪ್ಪಿನಕಾಯಿಗೆ, ಹಣ್ಣು ಮಕ್ಕಳ ಬಾಯಿಗೆ, ಮುಳ್ಳು ಹೊಲದ ಬೇಲಿಗೆ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಪೊದೆಯ ನೆರಳಿನಲ್ಲಿ ಮೊಳೆತ ಇತರ ಮರಗಳ ಸಸಿಗಳು ಮುಳ್ಳಿನ ಕಾವಲಿನಿಂದಾಗಿ ದನಕರುಗಳ ಬಾಯಿಗೆ ಬೀಳದೆ ಉಳಿಯುತ್ತವೆ. ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ. ಇವುಗಳಲ್ಲಿ ಯಾವುದಕ್ಕೂ ಮಾರುಕಟ್ಟೆಯ ರಸೀದಿ ಇಲ್ಲ. ಆದ್ದರಿಂದ ಯಾವುದೂ ನಮ್ಮ ಉತ್ಪನ್ನದ ಲೆಕ್ಕಕ್ಕೆ ಸೇರುವುದಿಲ್ಲ. ಬೆಲೆ ಇಲ್ಲದ್ದಕ್ಕೆ ಮೌಲ್ಯವೂ ಇಲ್ಲವೆಂದು ಭಾವಿಸುವುದು ಅರ್ಥಶಾಸ್ತ್ರವಲ್ಲ, ಅದರ ಅಪಾರ್ಥ.

ಇಂಥ ಅಪಾರ್ಥದ ಫಲವನ್ನು ಕರ್ನಾಟಕ ಒಮ್ಮೆ ಉಂಡಿದೆ. 1984ರಲ್ಲಿ ಸರ್ಕಾರ ಮತ್ತು ಹರಿಹರದ ಕಾರ್ಖಾನೆಯೊಂದರ ಪಾಲುದಾರಿಕೆಯಲ್ಲಿ ಆರಂಭವಾದ ಕರ್ನಾಟಕ ಪಲ್ಪ್‌ವುಡ್ ಕಂಪನಿಯು ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಯೋಜನೆ ಹಾಕಿಕೊಂಡಿತು. ಕಡತದಲ್ಲಿ ಪಾಳೆನಿಸಿದ್ದ ಆ ನೆಲ ಹಳ್ಳಿಗರಿಗೆ ಮೇವು, ಸೌದೆ, ಹಣ್ಣುಗಳ ಆಸರೆಯಾಗಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು.

ಇಂದಿನ ಅಪಾಯದ ರೂಪ ಬೇರೆ. ಒಂದೆಡೆ ಮೆಕ್ಕೆಜೋಳ, ಇನ್ನೊಂದೆಡೆ ಅಡಿಕೆ ವಿಸ್ತರಿಸುತ್ತಿವೆ. ಕೊಡಲಿಗೆ ವಾರ ಹಿಡಿಯುತ್ತಿದ್ದ ಪೊದೆಗಳನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕಿತ್ತೆಸೆಯುತ್ತದೆ. ತೆರವಾಗಿ ಬಿಟ್ಟ ಜಾಗಕ್ಕೆ ಲಂಟಾನ, ಬಳ್ಳಾರಿ ಜಾಲಿ ನುಗ್ಗುತ್ತವೆ. ಮುಳ್ಳಿನ ಜಾಗದಲ್ಲಿ ಮುಳ್ಳೇ ಬಂತಲ್ಲ ಎನ್ನುವಂತಿಲ್ಲ. ನಮ್ಮ ನೆಲದ ಮುಳ್ಳು ಇತರ ಗಿಡಗಳನ್ನು ಪೋಷಿಸಿದರೆ, ಹೊರಗಿನಿಂದ ಬಂದ ಮುಳ್ಳು ಅವನ್ನು ಅಡಗಿಸುತ್ತದೆ.

ಭೂಮಿಯಿಲ್ಲದವರಿಗೆ ನೆಲ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೋಮಾಳ ಒತ್ತುವರಿಯಾದಾಗ ಮೊದಲು ಸೋಲುವವರು ಕುರಿ-ಮೇಕೆಗಳಷ್ಟೇ ಆಸ್ತಿಯಾಗಿರುವ ಬಡವರು. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಕಾಯ್ದಿರಿಸಬೇಕೆಂಬುದು 1966ರ ಕರ್ನಾಟಕ ಭೂಕಂದಾಯ ನಿಯಮದಲ್ಲೇ ಇದೆ. ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತ್ತು.

ಕುರುಚಲು ಕಾಡಿಗೆ ಬೆಲೆಯಿದೆ ಎಂಬುದನ್ನು ಸರ್ಕಾರವೂ ಒಪ್ಪಿದ ನಿದರ್ಶನವಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ಅಂಥ ರಕ್ಷಣೆ ವನ್ಯಧಾಮದ ಗಡಿಗೇ ನಿಲ್ಲಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಕವಳೆ, ಕಾರೆ, ಬೋರೆಗಳಿರುವ ಜಾಗವನ್ನು ಸರ್ವೆ ನಂಬರ್ ಸಹಿತ ದಾಖಲಿಸಲಿ. ಅರಣ್ಯ ಇಲಾಖೆಯ ನರ್ಸರಿಗಳು ಕವಳೆ ಸಸಿಯನ್ನೂ ಬೆಳೆಸಿ ಬೇಲಿಗೆಂದು ರೈತರಿಗೆ ಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ನೆಲವನ್ನು ಹಂಚುವ ಅಥವಾ ಮಂಜೂರು ಮಾಡುವ ಮುನ್ನ ಅಲ್ಲಿ ಏನು ಬೆಳೆಯುತ್ತಿದೆ, ಅದರಿಂದ ಯಾರು ಬದುಕುತ್ತಿದ್ದಾರೆ ಎಂಬ ವರದಿ ಕಡತದಲ್ಲಿರುವುದು ಕಡ್ಡಾಯವಾಗಲಿ.